ನೋಟಿಫೈ ಒಂದನ್ನೇ ನಂಬಿ ಕೂರದೆ ವರ್ಕರ್ ನಡೆಸಿದ್ದು ಹೀಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಕ್ಲೈಂಟ್ ನೋಟಿಫೈ ಕಮಾಂಡ್ ಕೊಟ್ಟರೆ, ಅದೇ ಚಾನೆಲ್‌ಗೆ ಲಿಸನ್ ಹಾಕಿ ಕೂತಿರುವ ಇನ್ನೊಂದು ಕ್ಲೈಂಟ್‌ಗೆ ಸುದ್ದಿ ಮುಟ್ಟುತ್ತದೆ. ಸುದ್ದಿ ಸಾಗಿಸುವುದಕ್ಕೆ ಬೇರೆ ಸಾಫ್ಟ್‌ವೇರ್ (ಮೆಸೇಜ್ ಬ್ರೋಕರ್) ಬೇಕಿಲ್ಲ. ಹಿನ್ನೆಲೆಯಲ್ಲಿ ಆರ್ಡರ್ ಸಂಸ್ಕರಿಸುವ ಪ್ರೋಗ್ರಾಂಗಳಿಗೆ, ಅಂದರೆ ವರ್ಕರ್‌ಗಳಿಗೆ, ನಾನು ಇದನ್ನೇ ಆರಿಸಿಕೊಂಡೆ. ಆದರೆ ಒಂದು ಆರ್ಡರ್ ಕೂಡ ತಪ್ಪಿಹೋಗುವಂತಿರಲಿಲ್ಲ.

ಇದರ ಒಳ್ಳೆಯ ಗುಣ ಮೊದಲು ಹೇಳುತ್ತೇನೆ. ನೋಟಿಫೈ ಟ್ರಾನ್ಸಾಕ್ಷನ್‌ಗೆ, ಅಂದರೆ ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪಿಗೆ, ಕಟ್ಟುಬಿದ್ದಿದೆ. ಅದು ಕಮಿಟ್ ಆದರೆ (ಉಳಿದರೆ) ಮಾತ್ರ ಸುದ್ದಿ ಹೊರಡುತ್ತದೆ, ರೋಲ್‌ಬ್ಯಾಕ್ ಆದರೆ (ರದ್ದಾದರೆ) ಇಲ್ಲ. ಕಮಿಟ್ ಆದ ಕ್ರಮದಲ್ಲೇ ಬರುತ್ತದೆ ಕೂಡ. ಆದರೆ ಆ ಹೊತ್ತಿಗೆ ಕೇಳುವವರ ಕನೆಕ್ಷನ್ ಇಲ್ಲದಿದ್ದರೆ ಸುದ್ದಿ ಹೋಯಿತು ಅಂತಲೇ ಲೆಕ್ಕ. ಯಾರೂ ಅದನ್ನು ಎತ್ತಿಟ್ಟು ಆಮೇಲೆ ಕೊಡುವುದಿಲ್ಲ.

ಹಾಗಾಗಿ ಸತ್ಯ ಇರುವುದು ಟೇಬಲ್‌ನಲ್ಲಿ, ನೋಟಿಫೈ ಬರೀ ಎಬ್ಬಿಸುವುದಕ್ಕೆ ಅಂತ ತೀರ್ಮಾನಿಸಿದೆ. ಸುದ್ದಿಯ ಜೊತೆ ಹೋಗುವ ಪಠ್ಯದಲ್ಲಿ, ಅಂದರೆ ಪೇಲೋಡ್‌ನಲ್ಲಿ, ಡೇಟಾ ಕಳಿಸಲೇ ಇಲ್ಲ. ಅದಕ್ಕೆ ಹೇಗೂ 8000 ಬೈಟ್‌ಗಿಂತ ಕಡಿಮೆ ಇರಬೇಕು ಅನ್ನುವ ಮಿತಿ ಇದೆ. ಸುದ್ದಿ ಬಂದರೂ ಸರಿ, ಬರದಿದ್ದರೂ ಸರಿ, ವರ್ಕರ್ 30 ಸೆಕೆಂಡಿಗೊಮ್ಮೆ ಬಾಕಿ ಇರುವ ಸಾಲುಗಳನ್ನು ತಾನೇ ನೋಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೊನೆಗೆ ನೋಡಿದ ಐಡಿ ನೆನಪಿಟ್ಟುಕೊಂಡು ಅದಕ್ಕಿಂತ ದೊಡ್ಡದನ್ನಷ್ಟೇ ಓದಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. 101 ಪಡೆದ ಟ್ರಾನ್ಸಾಕ್ಷನ್ ನಿಧಾನವಾಗಿದೆ, 102 ಮೊದಲು ಕಮಿಟ್ ಆಯಿತು ಅಂದುಕೊಳ್ಳಿ. ವರ್ಕರ್ 102 ಓದಿ ಮುಂದೆ ಹೋಗುತ್ತದೆ. ಆಮೇಲೆ ಕಮಿಟ್ ಆದ 101 ಅದರ ಕಣ್ಣಿಗೆ ಬೀಳುವುದೇ ಇಲ್ಲ. ಐಡಿ ಹಂಚುವ ಸೀಕ್ವೆನ್ಸ್ ಕೊಡುವ ನಂಬರಿಗೂ ಕಮಿಟ್ ಆಗುವ ಕ್ರಮಕ್ಕೂ ಸಂಬಂಧ ಇಲ್ಲ. ಅದಕ್ಕೇ ಪ್ರತಿ ಸಾಲಿಗೂ ಸ್ಟೇಟಸ್ ಕಾಲಂ ಇಟ್ಟೆ. ಬಾಕಿ ಇರುವುದಕ್ಕೆ ಮಾತ್ರ ಪಾರ್ಷಿಯಲ್ ಇಂಡೆಕ್ಸ್ ಹಾಕಿದ್ದರಿಂದ ಆ ಕ್ವೆರಿ ಹಗುರ. ವರ್ಕರ್‌ಗಳು ಸಾಲು ಎತ್ತಿಕೊಳ್ಳುವಾಗ ಒಂದಕ್ಕೊಂದು ಅಡ್ಡ ಬರದಂತೆ ಪೋಸ್ಟ್‌ಗ್ರೆಸ್ 9.5ರಲ್ಲಿ ಬಂದ, ಬೇರೆಯವರು ಹಿಡಿದ ಸಾಲನ್ನು ಬಿಟ್ಟು ಮುಂದೆ ಹೋಗುವ ಸ್ಕಿಪ್ ಲಾಕ್ಡ್ ಬಳಸಿದೆ.

ಎರಡನೆಯ ಅಪಾಯ, ಸತ್ತರೂ ಸತ್ತ ಸುಳಿವು ಕೊಡದ ಕನೆಕ್ಷನ್. ಲಿನಕ್ಸ್‌ನ ಫೈರ್‌ವಾಲ್ ಟೂಲ್ ಐಪಿಟೇಬಲ್ಸ್‌ನಲ್ಲಿ ಪ್ಯಾಕೆಟ್‌ಗಳನ್ನು ಸುಮ್ನೆ ಡ್ರಾಪ್ ಮಾಡಿ ನೋಡಿದೆ. ವರ್ಕರ್ ಕಡೆ ಎರರ್ ಇಲ್ಲ, ಸಾಕೆಟ್ ತೆರೆದೇ ಇದೆ. ಆ ಕಡೆಯವರು ಇದ್ದಾರಾ ಅಂತ ನೋಡುವ ಕೀಪ್‌ಅಲೈವ್ ಲಿನಕ್ಸ್‌ನಲ್ಲಿ ಡೀಫಾಲ್ಟ್ ಆಗಿ ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ. ಅಷ್ಟು ಹೊತ್ತು ಕಾಯುವುದಕ್ಕೆ ಆಗುವುದಿಲ್ಲ. ಅದಕ್ಕೇ ಬಾಕಿ ನೋಡುವ ಕ್ವೆರಿಯನ್ನು ಲಿಸನ್ ಇರುವ ಕನೆಕ್ಷನ್‌ನಲ್ಲೇ ಓಡಿಸಿ, ಕ್ಲೈಂಟ್ ಕಡೆ 5 ಸೆಕೆಂಡ್ ಟೈಮ್‌ಔಟ್ ಹಾಕಿದೆ. ಉತ್ತರ ಬರದಿದ್ದರೆ ಆ ಕನೆಕ್ಷನ್ ಬಿಸಾಕಿ ಹೊಸದು.

ಹೊಸ ಕನೆಕ್ಷನ್ ಬಂದಾಗಲೂ ಕ್ರಮ ಮುಖ್ಯ. ಮೊದಲು ಲಿಸನ್, ಅದು ಕಮಿಟ್ ಆದ ಮೇಲೆ ಟೇಬಲ್ ಓದುವುದು. ತಿರುಗಾಮುರುಗಾ ಮಾಡಿದರೆ ನಡುವೆ ಕಮಿಟ್ ಆದ ಸಾಲಿನ ಸುದ್ದಿ ಸಿಗದು. ಕನೆಕ್ಷನ್‌ಗಳನ್ನು ಹಂಚಿ ಬಳಸಲು ನಡುವೆ ಕೂರುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ ಲಿಸನ್ ನಡೆಯುವುದಿಲ್ಲ, ಅದಕ್ಕೆ ನೇರ ಕನೆಕ್ಷನ್ ಅಥವಾ ಸೆಷನ್ ಮೋಡ್ ಬೇಕು.

ಲಿಸನ್ ಕನೆಕ್ಷನ್‌ನಲ್ಲಿ ಉದ್ದದ ಟ್ರಾನ್ಸಾಕ್ಷನ್ ತೆರೆದಿಡಲೇಬೇಡಿ. ಅದು ಮುಗಿಯುವ ತನಕ ಸುದ್ದಿಯೂ ಬರುವುದಿಲ್ಲ, ಕನೆಕ್ಟ್ ಆಗಿರುವವರಿಗೆ ತಲುಪಬೇಕಾದ ಸುದ್ದಿ ಇಡುವ ಸರ್ವರ್‌ನ ಕ್ಯೂ ಖಾಲಿಯೂ ಆಗುವುದಿಲ್ಲ. ಕ್ಯೂ ತುಂಬಿದರೆ ನೋಟಿಫೈ ಮಾಡಿದವರ ಕಮಿಟ್ಟೇ ಫೇಲ್ ಆಗುತ್ತದೆ. ಕ್ಯೂ ಎಷ್ಟು ತುಂಬಿದೆ ಅಂತ ಹೇಳುವ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲೇ ಇದೆ. ಅದಕ್ಕೆ ಅಲರ್ಟ್ ಕಟ್ಟಿಟ್ಟಿದ್ದೇನೆ.