ಟ್ರಿಮ್ ಶೀಟ್ ಬರುವ ಮೊದಲೇ

ಬದಿಯಡ್ಕ ಪೇಟೆಗೆ ಅಡಿಕೆ ಮಾರಲು ಹೋದಾಗ ಅಪ್ಪ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಗೋಣಿ ತಕ್ಕಡಿ ಏರುವ ಮೊದಲೇ ಮೂಲೆ ಹಿಡಿದು ಒಮ್ಮೆ ಜಗ್ಗಿ, "ಅರುವತ್ತೆಂಟು" ಅಂತ ನನ್ನ ಕಿವಿಯಲ್ಲಿ ಹೇಳುವುದು. ಆಮೇಲೆ ತಕ್ಕಡಿ ಏನು ಬೇಕಾದರೂ ಹೇಳಲಿ.

ಪೈಲಟ್ ಆಗಿ ವಿಮಾನದಲ್ಲಿ ನಾನು ಮಾಡುವುದೂ ಅದನ್ನೇ. ವಿಮಾನದ ತೂಕ, ಸಮತೋಲದ ಲೆಕ್ಕವಿರುವ ಕಾಗದ, ಅಂದರೆ ಟ್ರಿಮ್ ಶೀಟ್, ಕೈಗೆ ಬರುವ ಮೊದಲೇ ನನ್ನ ಲೆಕ್ಕ ಒಂದು ಚೀಟಿಯಲ್ಲಿರುತ್ತದೆ. ಬಂದ ಮೇಲೆ ಲೆಕ್ಕ ಹಾಕಲು ಕೂತರೆ ಮನಸ್ಸು ಅದೇ ಅಂಕಿಯತ್ತ ಜಾರುತ್ತದೆ.

ಆವತ್ತು ಆಗಸ್ಟ್ ಕೊನೆ, ಮಂಗಳೂರಿನಿಂದ ದುಬೈಗೆ, 737-800. ರಜೆ ಮುಗಿಸಿ ಮರಳುವ ಸಂಸಾರಗಳು, ಹೆಚ್ಚಿನವರು ಉಪ್ಪಳ, ಕುಂಬಳೆ ಕಡೆಯವರು. ಚೀಟಿಯಲ್ಲಿ ಬರೆದೆ: ಸಿಬ್ಬಂದಿ, ಊಟ-ತಿಂಡಿ ಸೇರಿ ವಿಮಾನ 42.6 ಟನ್. ದೊಡ್ಡವರು 150, ತಲಾ 75 ಕೆ.ಜಿ. ಮಕ್ಕಳು 28, ತಲಾ 35. ಕೈಕೂಸು ನಾಲ್ಕು, ತಲಾ 10. ಯಾರನ್ನೂ ತೂಗುವುದಿಲ್ಲ, ಇವು ನಿಯಮದ ಅಂಕಿಗಳು. ಆ 75ರಲ್ಲಿ ಕೈಚೀಲವೂ ಸೇರಿದೆಯಂತೆ! ಹಲ್ವ, ಹಪ್ಪಳ ತುಂಬಿದ ಆ ಚೀಲ ಎತ್ತಿ ನೋಡಿದವರಿಗೇ ಗೊತ್ತು. ವಿಮಾನದ ಹೊಟ್ಟೆಯೊಳಗಿನ ಲಗೇಜ್ ಸುಮಾರು 4.3 ಟನ್. ಇಂಧನ ಬಿಟ್ಟು ಒಟ್ಟು 59.2.

ಶೀಟ್ ಬಂತು. 57.3.

"ಇವತ್ತು ಲಗೇಜ್ ಕಡಿಮೆ ಇರಬೇಕು ಸರ್," ಎಂದ ಕೋ-ಪೈಲಟ್. ಇರಬಹುದಿತ್ತು. ಆದರೆ ಸುತ್ತು ಹೊಡೆದು ನೋಡುವಾಗ ಹಿಂದಿನ ಬಾಗಿಲ ಬಳಿ ಟ್ರಾಲಿಗಳ ಸಾಲು ಕಂಡಿದ್ದೆ.

ನಿಜ ಹೇಳಬೇಕೆಂದರೆ 1.8 ಟನ್ನಿಗೆ ವಿಮಾನ ಬೀಳುವುದಿಲ್ಲ. ಮೂತಿ ಎತ್ತುವ ವೇಗದಲ್ಲಿ ಎರಡು ಮೂರು ನಾಟ್ ವ್ಯತ್ಯಾಸ. 2020ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಹೊರಟ 737 ಒಂದರಲ್ಲಿ 'ಮಿಸ್' ಎಂದಿದ್ದ 38 ಹೆಂಗಸರನ್ನು ಸಾಫ್ಟ್‌ವೇರ್ ಮಕ್ಕಳೆಂದು ಎಣಿಸಿ, ಲೆಕ್ಕ 1,244 ಕೆ.ಜಿ. ತಪ್ಪಿತ್ತು, ಅದೂ ಕ್ಷೇಮವಾಗಿಯೇ ಹಾರಿತು. ನನ್ನನ್ನು ಕಾಡಿದ್ದು ಬೇರೆ. ತಪ್ಪು ಕಾಗದ ನೋಡಿ ನಾನು ಕಂಪ್ಯೂಟರಿಗೆ ಅಂಕಿ ತುಂಬಿಸುತ್ತೇನೆ, ಅದೇ ಕಾಗದ ನೋಡಿ ಕೋ-ಪೈಲಟ್ ತಾಳೆ ಹಾಕುತ್ತಾನೆ, ಇಬ್ಬರದ್ದೂ ಸರಿಹೊಂದುತ್ತದೆ. ಇನ್ನು ಒತ್ತುವ ಬೆರಳೇ ತಪ್ಪಿದರೆ? 2009ರ ಮಾರ್ಚಿನಲ್ಲಿ ಮೆಲ್ಬೋರ್ನಿನಲ್ಲಿ ಎ340 ಒಂದಕ್ಕೆ 362.9 ಟನ್ನಿನ ಬದಲು 262.9 ಎಂದು ಒತ್ತಿದ್ದರು. ನೂರು ಟನ್ ಯಾರ ಕಣ್ಣಿಗೂ ಬೀಳಲಿಲ್ಲ. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ಮುಗಿದ ಮೇಲೆ ಗಾಳಿಗೇರಿತು. ಮಂಗಳೂರಿನ ಬಜ್ಪೆಯ ರನ್‌ವೇ 2,450 ಮೀಟರ್, ಎರಡೂ ತುದಿ ದಾಟಿದರೆ ಕಣಿವೆ, ಅಂದು ಮಳೆ ಬೇರೆ.

ಶೀಟ್ ತಯಾರಿಸುವ ಟ್ರಿಮ್ಮರ್ ಹುಡುಗನನ್ನು ಕರೆಸಿದೆ. ಸಿಸ್ಟಮ್ ಕೈಕೊಟ್ಟದ್ದರಿಂದ ಶೀಟನ್ನು ಕೈಯಲ್ಲೇ ಬರೆದಿದ್ದ. ಲೋಡರ್‌ಗಳ ಚೀಟಿ ತೆಗೆದು ಪಕ್ಕದಲ್ಲಿಟ್ಟ. ಲಗೇಜ್ ಅಲ್ಲಿ 4,260 ಕೆ.ಜಿ., ಶೀಟಿನಲ್ಲಿ 2,460. ಬೆವರಿದ ಪಾಪ. ಹೆಚ್ಚಿನ ಚೀಲವೆಲ್ಲ ಹಿಂದಿನ ಹೋಲ್ಡಿನಲ್ಲೇ ಇದ್ದದ್ದರಿಂದ ತೂಕದ ಕೇಂದ್ರ, ಅದಕ್ಕೆ ತಕ್ಕ ಬಾಲದ ರೆಕ್ಕೆಯ ಕೋನ (ಟ್ರಿಮ್) ಎಲ್ಲ ಹೊಸದಾಗಿ ಹಾಕಬೇಕಾಯಿತು. ಹದಿನೆಂಟು ನಿಮಿಷ ತಡ. ತಡವಾದದ್ದಕ್ಕೆ ಉತ್ತರ ಬರೆದುಕೊಟ್ಟೆ, ಹುಡುಗನ ಹೆಸರು ಬರೆಯಲಿಲ್ಲ.

ಹೊಸ ಶೀಟಿನಲ್ಲಿ 59.13. ನಾನು ತಪ್ಪಿದ್ದು ಎಪ್ಪತ್ತು ಕೆ.ಜಿ. ಊರಿಗೆ ಹೋದಾಗ ಸ್ವಲ್ಪ ಜಂಬದಲ್ಲೇ ಅಪ್ಪನಿಗೆ ಹೇಳಿದೆ.

ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. "ಎಂತದು, ಒಂದಿಡೀ ಗೋಣಿ ತಪ್ಪಿತಾ ನಿನಗೆ?"