ಗುಂಡಿ ತಿರುಗಿಸಿದರೆ ನೀರು ಬೇಗ ಕಾಯುವುದಿಲ್ಲ

ನಮ್ಮ ಮನೆಯಲ್ಲಿ ಬೆಳಿಗ್ಗೆ ಯಾರಿಗೋ ಹೊತ್ತಾಗಿದೆ ಅನ್ನುವುದು ಗೀಸರ್‌ನ ಗುಂಡಿ ನೋಡಿದರೆ ಗೊತ್ತಾಗುತ್ತದೆ. ಕೊನೆಯ ತನಕ ತಿರುಗಿರುತ್ತದೆ. ಯಾರು ತಿರುಗಿಸಿದ್ದು ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಮೊಮ್ಮಗ ಮಾತ್ರ ಒಂದು ದಿನ ಒಪ್ಪಿಕೊಂಡ. "ಬೇಗ ಕಾಯಲಿ ಅಂತ ತಿರುಗಿಸಿದೆ, ಅಜ್ಜಿ."

ಬೇಗ ಕಾಯುವುದಿಲ್ಲ ಮಗು. ಈ ಒಂದು ಮಾತು ತಲೆಗೆ ಹೋದರೆ ಗೀಸರ್ ವಿಷಯದಲ್ಲಿ ನಾವು ಮಾಡುವ ಅರ್ಧ ತಪ್ಪು ನಿಂತುಹೋಗುತ್ತದೆ. ಒಲೆಯ ಗುಂಡಿ ತಿರುಗಿಸಿದರೆ ಉರಿ ಜಾಸ್ತಿಯಾಗುತ್ತದಲ್ಲ, ಇದೂ ಹಾಗೇ ಅಂದುಕೊಳ್ಳುತ್ತೇವೆ. ಆದರೆ ಗೀಸರ್ ಒಳಗಿನ ಕಾಯಿಲ್‌ಗೆ ಉರಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. 2 ಕಿಲೋವ್ಯಾಟ್ ಕಾಯಿಲ್ ಆದರೆ ಗುಂಡಿ ಎಲ್ಲೇ ಇರಲಿ, 2 ಕಿಲೋವ್ಯಾಟ್‌ನಲ್ಲೇ ಕಾಯಿಸುತ್ತದೆ. ಎಷ್ಟು ಬಿಸಿಯಾದ ಮೇಲೆ ನಿಲ್ಲಿಸಬೇಕು ಅನ್ನುವುದನ್ನಷ್ಟೇ ಗುಂಡಿ ಹೇಳುವುದು.

ಅವನಿಗೆ ಲೆಕ್ಕ ಹಾಕಿಯೇ ತೋರಿಸಿದೆ. 15 ಲೀಟರ್ ಟ್ಯಾಂಕು, 20 ಡಿಗ್ರಿ ತಣ್ಣೀರು, 2 ಕಿಲೋವ್ಯಾಟ್ ಕಾಯಿಲ್. ಹದವಾದ 40 ಡಿಗ್ರಿಗೆ ಬರಲು ಹತ್ತು ಹತ್ತೂವರೆ ನಿಮಿಷ ಬೇಕು. 60ಕ್ಕೆ 21 ನಿಮಿಷ. 75ಕ್ಕೆ ಹೆಚ್ಚುಕಡಿಮೆ 29. ಗುಂಡಿ 60ರಲ್ಲಿ ಇದ್ದರೂ 40 ಬರುವುದು ಅದೇ ಹತ್ತು ನಿಮಿಷಕ್ಕೆ, 75ರಲ್ಲಿ ಇದ್ದರೂ ಅದೇ ಹತ್ತು ನಿಮಿಷಕ್ಕೆ. ಗುಂಡಿ ಕೊನೆಗೆ ತಿರುಗಿಸಿ ಸಿಕ್ಕಿದ್ದು ಏನು ಅಂದರೆ, ಅವನು ಸ್ನಾನ ಮುಗಿಸಿ ಹೋದ ಮೇಲೂ ಗೀಸರ್ ಸುಮ್ನೆ ಕಾಯಿಸುತ್ತಲೇ ಇತ್ತು, ಅಷ್ಟೇ.

ಈ ನಿಲ್ಲಿಸುವ ಕೆಲಸ ಮಾಡುವುದು ಥರ್ಮೋಸ್ಟಾಟ್. ನಮ್ಮದನ್ನು ಒಮ್ಮೆ ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಕೈಯಲ್ಲಿ ಹಿಡಿದು ನೋಡಿದ್ದೇನೆ. ಪೆನ್ಸಿಲ್ಲಿಗಿಂತ ಸ್ವಲ್ಪ ಉದ್ದದ ಹಿತ್ತಾಳೆ ಕೊಳವೆ, ತಲೆಯ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಕೊಳವೆಯ ಒಳಗೆ ಇನ್ವಾರ್ ಅನ್ನುವ ಲೋಹದ ಕಡ್ಡಿ. ಬಿಸಿ ತಾಗಿದರೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹಿಗ್ಗುವುದು ತೀರಾ ಕಡಿಮೆ. ಕೊಳವೆ ಉದ್ದವಾದಾಗ ಕಡ್ಡಿ ಹಿಂದಕ್ಕೆ ಸರಿದ ಹಾಗಾಗಿ, ಡಬ್ಬಿಯೊಳಗಿನ ಸ್ವಿಚ್ಚು ಟಿಕ್ ಅಂತ ಬಿಡುತ್ತದೆ. ಇಷ್ಟೇ ಅದರ ಬುದ್ಧಿ. ಕಬ್ಬಿಣಕ್ಕೆ ನಿಕಲ್ ಬೆರೆಸಿ ಮಾಡಿದ ಈ ಇನ್ವಾರನ್ನು 1896ರಲ್ಲಿ ಕಂಡುಹಿಡಿದ ಶಾರ್ಲ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಬಚ್ಚಲುಮನೆಯಲ್ಲಿ ನೊಬೆಲ್ ಕಡ್ಡಿ ಇಟ್ಟುಕೊಂಡಿದ್ದೀವಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಕಡ್ಡಿಯ ಬದಲು ದ್ರವ ತುಂಬಿದ ಸಣ್ಣ ನಳಿಗೆ ಇರುವವೂ ಇವೆ, ಹೊಸ ಡಿಜಿಟಲ್ ಗೀಸರ್‌ಗಳಲ್ಲಿ ಸೆನ್ಸರ್ ಇರುತ್ತದೆ. ಕೆಲಸ ಮಾತ್ರ ಅದೇ.

ಒಂದು ಸಲ ಕಟ್ ಆದ ಥರ್ಮೋಸ್ಟಾಟ್ ಅರ್ಧ ಡಿಗ್ರಿ ಇಳಿದ ಕೂಡಲೇ ಮತ್ತೆ ಹತ್ತಿಕೊಳ್ಳುವುದಿಲ್ಲ. ನೀರು ಕೆಲವು ಡಿಗ್ರಿ ತಣ್ಣಗಾಗುವ ತನಕ ಸುಮ್ಮನಿರುತ್ತದೆ. ಆದ್ದರಿಂದ ಗುಂಡಿ ಮುಟ್ಟದಿದ್ದರೂ ಇವತ್ತಿನ ನೀರು ನಿನ್ನೆಗಿಂತ ಒಂಚೂರು ಬೆಚ್ಚಗೆ, ಒಂಚೂರು ಕಡಿಮೆ ಅನ್ನಿಸಬಹುದು. ಅದು ಕೆಟ್ಟಿದೆ ಅಂತ ಅಲ್ಲ.

ಹಾಗಾದರೆ ಎಷ್ಟಕ್ಕೆ ಇಡಬೇಕು? ನನ್ನ ಮಟ್ಟಿಗೆ ಟ್ಯಾಂಕಿನ ಗೀಸರ್‌ಗೆ 60. ಜಾಸ್ತಿ ಯಾಕೆ ಬೇಡ ಅಂದರೆ ಸುಡುತ್ತದೆ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೂ ಐದೇ ಸೆಕೆಂಡಿನಲ್ಲಿ ಕೆಟ್ಟದಾಗಿ ಸುಟ್ಟುಬಿಡಬಹುದು. 70ಕ್ಕೆ ಹೋದರೆ ಒಂದು ಸೆಕೆಂಡು ಸಾಕು, ಕೈ ಹಿಂದೆ ತೆಗೆಯಲೂ ಪುರುಸೊತ್ತು ಸಿಗುವುದಿಲ್ಲ. 50ರಲ್ಲಾದರೆ ಅಷ್ಟು ಸುಡಲು ಕೆಲವು ನಿಮಿಷ ಬೇಕು. ಮಕ್ಕಳ ಚರ್ಮ ತೆಳು, ನನ್ನಂಥವರದ್ದೂ ತೆಳುವಾಗಿರುತ್ತದೆ, ನಮಗೆ ಇನ್ನೂ ಬೇಗ ಸುಡುತ್ತದೆ.

ಹಾಗಂತ 40ಕ್ಕೆ ಇಟ್ಟುಬಿಡುವುದೂ ಬೇಡ. ಕರೆಂಟ್ ಉಳಿಯುತ್ತದೆ ಅಂತ ಎಷ್ಟೋ ಜನ ಹಾಗೆ ಮಾಡುತ್ತಾರೆ. ಲೀಜಿಯೊನೆಲ್ಲ ಅಂತ ಒಂದು ಬ್ಯಾಕ್ಟೀರಿಯಾ ಇದೆ. 20ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರು ಅಂದರೆ ಅದಕ್ಕೆ ಹಬ್ಬ. ಶವರ್‌ನ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಒಳಗೆ ಹೋದರೆ ನ್ಯುಮೋನಿಯಾ ತರಬಲ್ಲದು. 60 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ಉಳಿಯುವುದಿಲ್ಲ. ಅದಕ್ಕೇ ಟ್ಯಾಂಕಿನಲ್ಲಿ 60 ಇರಲಿ, ಮೈಗೆ ಬೀಳುವಾಗ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ನಲ್ಲಿಯ ಹತ್ತಿರ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸಿ. ಒತ್ತಡ ಏರುಪೇರಾದರೂ ಹೊರಬರುವ ನೀರಿನ ಬಿಸಿ ಅಷ್ಟಕ್ಕಷ್ಟೇ ಇರುತ್ತದೆ. ಬಕೆಟ್‌ನಲ್ಲಿ ಬೆರೆಸುವವರು ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಿ. ಮಗು ಓಡಿಬಂದು ಕೈ ಹಾಕುವುದು ಯಾವಾಗ ಅಂತ ಹೇಳಲಾಗುವುದಿಲ್ಲ ಅಲ್ವಾ.

60 ಅಂತ ಹೇಳಿಬಿಟ್ಟೆ, ಆದರೆ ಎಷ್ಟೋ ಗುಂಡಿಗಳ ಮೇಲೆ ಸಂಖ್ಯೆಯೇ ಇರುವುದಿಲ್ಲ. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ, ನಡುವೆ ಒಂದು ಗೀಟು. ಸಂಖ್ಯೆ ಇದ್ದರೂ ಕಣ್ಣು ಮುಚ್ಚಿ ನಂಬಬೇಡಿ. ನಾನು ಮಾಡಿದ್ದು ಹೀಗೆ. ಗುಂಡಿಯನ್ನು ನಡುವೆ ಇಟ್ಟು ಸ್ವಿಚ್ ಹಾಕಿದೆ. ಕಾಯುತ್ತಿದೆ ಅಂತ ತೋರಿಸುವ ದೀಪ ಆರುವ ತನಕ ಕಾದೆ. ಬಿಸಿನೀರಿನ ನಲ್ಲಿ ಬಿಟ್ಟು, ಪೈಪಿನಲ್ಲಿದ್ದ ತಣ್ಣೀರು ಹೋಗಲಿ ಅಂತ ಒಂದೆರಡು ಚೊಂಬು ಬೇರೆ ಬಕೆಟ್‌ಗೆ ಹಿಡಿದೆ. ಆಮೇಲೆ ಲೋಟಕ್ಕೆ ಹಿಡಿದು ಅಡುಗೆಯ ಥರ್ಮಾಮೀಟರ್ ಅದ್ದಿದೆ. 68 ತೋರಿಸಿತು. ಮಾರನೇ ದಿನ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಂದು ಮತ್ತೆ ನೋಡಿದೆ. ಮೂರನೇ ದಿನಕ್ಕೆ 60ಕ್ಕೆ ಬಂತು. ಆ ಜಾಗದಲ್ಲಿ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟೆ. ಈಗ ಯಾರು ಎಷ್ಟು ತಿರುಗಿಸಿದರೂ ವಾಪಸ್ಸು ತರುವುದು ಒಂದು ನಿಮಿಷದ ಕೆಲಸ. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಇದಕ್ಕೆ ಬಳಸಬೇಡಿ. ಅದರ ಅಳತೆ 42–43 ಡಿಗ್ರಿಗೇ ಮುಗಿಯುತ್ತದೆ, ಗಾಜಿನದಾದರೆ ಒಡೆದೇ ಹೋಗುತ್ತದೆ.

ನಮ್ಮದು ದೊಡ್ಡ ಮನೆ, 60 ಇಟ್ಟರೆ ನೀರು ಸಾಲುವುದಿಲ್ಲ ಅನ್ನುವವರ ಮಾತಿನಲ್ಲಿ ನಿಜ ಇದೆ. 15 ಲೀಟರ್ 60 ಡಿಗ್ರಿ ನೀರಿಗೆ 20 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯದ್ದು 30 ಲೀಟರ್ ಆಗುತ್ತದೆ. 75ಕ್ಕೆ ಕಾಯಿಸಿದರೆ 41 ಲೀಟರ್. ಲೆಕ್ಕದಲ್ಲಿ ಅಷ್ಟು, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಯಾಕೆಂದರೆ ಬಿಸಿನೀರು ಹೊರಗೆ ಬರುವಾಗಲೇ ಕೆಳಗಿನಿಂದ ತಣ್ಣೀರು ಟ್ಯಾಂಕಿಗೆ ನುಗ್ಗಿ ಬೆರೆಯುತ್ತಾ ಇರುತ್ತದೆ. ದಿನಾ 75ರಲ್ಲಿ ಕಾಯಿಸುವ ಬದಲು ದೊಡ್ಡ ಟ್ಯಾಂಕು ಹಾಕಿಸುವುದೇ ವಾಸಿ. 60 ದಾಟಿದರೆ ಗಡಸು ನೀರಿನ ಕಾಟವೂ ಜೋರಾಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ದಿನವಿಡೀ ಆನ್ ಇಟ್ಟರೆ ಕರೆಂಟ್ ಕಡಿಮೆ ಖರ್ಚಾಗುತ್ತದೆ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅದು ಸುಳ್ಳು. ಬಿಸಿಯಾಗಿರುವ ಟ್ಯಾಂಕು ಹೊತ್ತು ಹೊತ್ತಿಗೂ ಬಿಸಿ ಕಳೆದುಕೊಳ್ಳುತ್ತದೆ, ಥರ್ಮೋಸ್ಟಾಟ್ ಅದನ್ನು ಮತ್ತೆ ಮತ್ತೆ ತುಂಬುತ್ತದೆ. ಒಳ್ಳೆ ಫೋಮ್ ಇರುವ ಟ್ಯಾಂಕಿನಲ್ಲಿ ಈ ನಷ್ಟ ಕಡಿಮೆ, ಆದರೆ ಸೊನ್ನೆಯಂತೂ ಅಲ್ಲ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ. ಕೊನೆಯವರು ಸ್ನಾನಕ್ಕೆ ಹೋಗುವಾಗ ಆರಿಸಿಯೇ ಒಳಗೆ ಹೋಗಲಿ. ಇಲ್ಲದಿದ್ದರೆ ಅವರು ನೀರು ಖಾಲಿ ಮಾಡಿದ ಹಾಗೇ ಅದು ಹೊಸ ನೀರನ್ನು ಯಾರಿಗೂ ಬೇಡದೆ ಕಾಯಿಸುತ್ತಾ ಕೂರುತ್ತದೆ. ಆರಿಸಿ ಸ್ನಾನ ಮಾಡುವುದನ್ನು ಹಳಬರ ಹೆದರಿಕೆ ಅಂತ ಮಕ್ಕಳು ನಗುತ್ತಾರೆ. ನಗಲಿ. ಅರ್ಥಿಂಗ್ ಸರಿಯಿದ್ದರೆ ಹೆದರಬೇಕಾಗಿಲ್ಲ ನಿಜ, ಆದರೆ ಗೋಡೆಯ ಒಳಗಿನ ತಂತಿ ಸರಿಯಿದೆಯೋ ಇಲ್ಲವೋ ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ.

ಕರೆಂಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 230 ವೋಲ್ಟ್ ಲೈನಿನಲ್ಲಿ 2 ಕಿಲೋವ್ಯಾಟ್ ಗೀಸರ್ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದು 13. ಅದಕ್ಕೆ ಅದರದ್ದೇ ಲೈನು, 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಸಿಕ್ಕಿಸುವುದು ಖಂಡಿತ ಬೇಡ. ಆರಿಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿಯಿದ್ದರೆ ಅಥವಾ ಪಿನ್ನಿನ ಸುತ್ತ ಕಂದು ಕಲೆ ಬಂದಿದ್ದರೆ ಅಂದೇ ಬದಲಾಯಿಸಿ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು, ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಬೀಳಲಿಲ್ಲ ಅಂದರೆ ಅದು ಇದ್ದೂ ಇಲ್ಲದ ಹಾಗೆ.

ಈಗ ಥರ್ಮೋಸ್ಟಾಟ್ ಕೈಕೊಟ್ಟರೆ ಏನಾಗುತ್ತದೆ ಅಂತ. ಅದು ಬಿಟ್ಟುಕೊಂಡೇ ಕೂತರೆ ನೀರು ಕಾಯುವುದಿಲ್ಲ, ತಣ್ಣೀರು ಸ್ನಾನ, ಅಷ್ಟೇ. ಅಂಟಿಕೊಂಡು ಕೂತರೆ ಮಾತ್ರ ಅಪಾಯ, ಕಾಯಿಲ್ ನಿಲ್ಲದೆ ಕಾಯಿಸುತ್ತದೆ. ಆಗ ಕಾಪಾಡುವುದು ಥರ್ಮಲ್ ಕಟ್‌ಔಟ್ ಅನ್ನುವ ಬೇರೆಯೇ ಒಂದು ಸ್ವಿಚ್ಚು. ಒಳಗಡೆ ಸಾಮಾನ್ಯವಾಗಿ ಒಂದು ಸಣ್ಣ ಬಟನ್ ಇರುತ್ತದೆ, ಒತ್ತಿದರೆ ಮತ್ತೆ ಶುರು. ನಮ್ಮ ಗೀಸರ್ ಹೀಗೆ ಒಂದು ಸಲ ನಿಂತಾಗ ಬಂದ ರಿಪೇರಿಯವನು ಬಟನ್ ಒತ್ತಿ "ಸರಿಯಾಯ್ತು" ಅಂತ ಹೊರಟ. ನಾಲ್ಕು ದಿನಕ್ಕೆ ಮತ್ತೆ ನಿಂತಿತು. ಮತ್ತೆ ಒತ್ತಿದ. ಮೂರನೇ ಸಲ ನಾನು ಬಿಡಲಿಲ್ಲ, ಥರ್ಮೋಸ್ಟಾಟ್ ಬಿಚ್ಚಿಸಿದೆ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಒಂದಕ್ಕೊಂದು ಅಂಟಿಕೊಂಡಿತ್ತು. ಕಟ್‌ಔಟ್ ಬಿದ್ದಿದೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಿಸಿ. ನಲ್ಲಿಯಲ್ಲಿ ನೀರಿನ ಜೊತೆ ಹಬೆ ಬಂದರೆ, ಟ್ಯಾಂಕು ಕುದಿಯುವ ಸದ್ದು ಮಾಡಿದರೆ, ಮೇನ್ ಆರಿಸಿ ಹೊರಗೆ ಬನ್ನಿ. ತಣ್ಣಗಾಗುವ ತನಕ ಮುಟ್ಟಬೇಡಿ.

ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ ಅಂತ ಅದರ ಬಾಯಿ ಮುಚ್ಚಿಸುವವರಿದ್ದಾರೆ. ನಮ್ಮಲ್ಲೂ ಒಬ್ಬ ಪ್ಲಂಬರ್ ಅದಕ್ಕೊಂದು ಬಿರಡೆ ತಿರುಪಿ, ತೊಟ್ಟಿಕ್ಕೋದು ನಿಂತಿತು ನೋಡಿ ಅಂತ ಹೆಮ್ಮೆಯಿಂದ ತೋರಿಸಿದ್ದ. ನಿಲ್ಲಿಸಿದವನನ್ನು ಅಲ್ಲೇ ನಿಲ್ಲಿಸಿಕೊಂಡು ಬಿರಡೆ ತೆಗೆಸಿದೆ. ಕಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಬಂದಾಗ ಸುಮಾರು 380 ಮಿಲಿಲೀಟರ್ ಜಾಸ್ತಿಯಾಗುತ್ತದೆ, ಎರಡು ಲೋಟದಷ್ಟು. ಒಳಗೆ ಬರುವ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಆ ನೀರು ಹಿಂದಕ್ಕೂ ಹೋಗುವ ಹಾಗಿಲ್ಲ. ಸೇಫ್ಟಿ ವಾಲ್ವಿನಿಂದಲೇ ಹೊರಬರಬೇಕು. ಅದನ್ನು ಮುಚ್ಚಿದರೆ ಟ್ಯಾಂಕೇ ಆ ಒತ್ತಡ ತಿನ್ನಬೇಕು. ಕಾಯುವಾಗ ತೊಟ್ಟಿಕ್ಕಿದರೆ ಒಳ್ಳೇದು ಅಂದುಕೊಳ್ಳಿ, ಕೆಳಗೊಂದು ಸಣ್ಣ ಪೈಪ್ ಹಾಕಿ ಮೋರಿಗೆ ಬಿಡಿ. ಗೀಸರ್ ಆರಿಸಿದ್ದಾಗಲೂ ಸುರಿಯುತ್ತಲೇ ಇದ್ದರೆ ಮಾತ್ರ ವಾಲ್ವ್ ಕೆಟ್ಟಿದೆ ಅಥವಾ ಲೈನಿನ ಒತ್ತಡ ಜಾಸ್ತಿ ಇದೆ.

ಗಡಸು ನೀರಿನ ಊರಾದರೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಬಿಸಿಯಾದಷ್ಟೂ ಜಾಸ್ತಿ ಕಟ್ಟುತ್ತದೆ. ಮುಟ್ಟಿದರೆ ಹಳೆ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಪದರದ ಒಳಗೆ ಕಾಯಿಲ್‌ನ ಬಿಸಿ ನೀರಿಗೆ ಹೋಗದೆ ಕಾಯಿಲನ್ನೇ ಸುಡುತ್ತದೆ. ಮೊದಲಿಗಿಂತ ತಡವಾಗಿ ಕಾಯುವುದು, ಕಾಯುವಾಗ ಚಿಟಿಚಿಟಿ, ಗುಡುಗುಡು ಅನ್ನುವುದು ಅದರ ಗುರುತು. ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚಿಸಿ, ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಕಾಯಿಲನ್ನು ನೆನೆಹಾಕಿ ತೊಳೆಸಿ. ಚಾಕು ಹಾಕಿ ಕೆರೆಯಬೇಡಿ. ಬಿಚ್ಚಿದಾಗಲೇ ಆನೋಡ್ ಕಡ್ಡಿಯನ್ನೂ ನೋಡಿ. ಮೆಗ್ನೀಸಿಯಂನ ಈ ಕಡ್ಡಿ ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ನಡುವಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಾಯಿಸಿ. ರಿಪೇರಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು.

ಟ್ಯಾಂಕಿಲ್ಲದ ಇನ್‌ಸ್ಟಂಟ್ ಗೀಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 3 ಕಿಲೋವ್ಯಾಟ್‌ನದು 20 ಡಿಗ್ರಿ ಬಿಸಿ ಏರಿಸಿ ನಿಮಿಷಕ್ಕೆ 2 ಲೀಟರಿಗಿಂತ ಸ್ವಲ್ಪ ಜಾಸ್ತಿ ಕೊಟ್ಟೀತು. ಪಾತ್ರೆ ತೊಳೆಯಲು ಚೆನ್ನ, ಶವರ್ ಕೆಳಗೆ ನಿಂತರೆ ನಡುಗಬೇಕಾಗುತ್ತದೆ.

ಬಹಳ ದಿನ ಊರಿಗೆ ಹೋಗುವಾಗ ಗೀಸರನ್ನು ಮೇನ್‌ನಲ್ಲೇ ಆರಿಸಿ ಹೋಗಿ. ಬಂದ ಮೇಲೆ ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಲ್ಲಿ ಬಿಡಿ. ಎರಡು ವಾರಕ್ಕಿಂತ ಜಾಸ್ತಿ ಸುಮ್ಮನಿದ್ದ ಟ್ಯಾಂಕಿನಲ್ಲಿ ಆನೋಡ್‌ನಿಂದಾಗಿ ಸ್ವಲ್ಪ ಹೈಡ್ರೋಜನ್ ಸೇರಿಕೊಂಡಿರಬಹುದು, ನಲ್ಲಿ ಬುಸ್ ಅಂತ ಕೆಮ್ಮಿದ ಹಾಗೆ ಗಾಳಿ ಬಿಡುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಕಡ್ಡಿ ಗೀರಬೇಡಿ, ಕಿಟಕಿ ತೆರೆದಿಡಿ. ನೀರು ತಡೆಯಿಲ್ಲದೆ ಒಂದೇ ಸಮ ಬರತೊಡಗಿದರೆ ಟ್ಯಾಂಕು ತುಂಬಿದೆ ಅಂತ ಅರ್ಥ. ಸ್ವಿಚ್ ಹಾಕುವುದು ಅದಾದ ಮೇಲೆ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಾಗಿಲ್ಲ.