ಗಾಳಿ, ಭರತ ನೋಡಿ ಬೀಚಿಗೆ ಹೊರಡುವುದು: ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ನನ್ನ ಅನುಭವ

ಊರಿನಿಂದ ಬರುವವರಿಗೆ ಐರ್ಲೆಂಡಿನ ಪಶ್ಚಿಮ ಕರಾವಳಿ ಅಂದರೆ ಮೋಹರ್ ಕಡಿದಾದ ಬಂಡೆಗಳು. ಫೋಟೊ ತೆಗೆದುಕೊಂಡು ಅದೇ ದಿನ ಡಬ್ಲಿನ್‌ಗೆ ವಾಪಸ್. ಗಾಲ್ವೇಯಲ್ಲಿ ನೆಲೆಸಿರುವ ನಾನು ಮನೆಗೆ ಬಂದ ನೆಂಟರನ್ನು ಮರಳಿನ ತೀರಗಳಿಗೇ ಕರೆದೊಯ್ಯುತ್ತೇನೆ. ಡೊನೆಗಾಲ್‌ನಿಂದ ಕಾರ್ಕ್‌ವರೆಗಿನ ಸುಮಾರು 2,500 ಕಿ.ಮೀ. ಕರಾವಳಿ ದಾರಿಗೆ 2014ರಲ್ಲಿ 'ವೈಲ್ಡ್ ಅಟ್ಲಾಂಟಿಕ್ ವೇ' ಎಂದು ಹೆಸರಿಟ್ಟರು. ಅದರ ಉದ್ದಕ್ಕೂ ಎರಡು ಭೂಶಿರಗಳ ನಡುವೆ ಎಲ್ಲೆಲ್ಲಿ ಕೊಲ್ಲಿ ಒಳಸರಿದಿದೆಯೋ ಅಲ್ಲೆಲ್ಲ ಮರಳು ಕೂತಿದೆ. ಅಲೆ ತನ್ನ ಜೋರನ್ನೆಲ್ಲ ಭೂಶಿರದ ಮೇಲೆ ತೋರಿಸುತ್ತದೆ. ಬಾಗಿ ಒಳಗೆ ಬರುವಷ್ಟರಲ್ಲಿ ಸುಸ್ತಾಗಿ, ಹೊತ್ತುತಂದ ಮರಳನ್ನು ಇಳಿಸಿಬಿಡುತ್ತದೆ.

ಯಾವ ಬೀಚಿಗೆ ಹೋಗುವುದು ಅಂತ ನಾನು ವಾರ ಮೊದಲೇ ಹೇಳುವುದಿಲ್ಲ. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಗಾಳಿಯ ದಿಕ್ಕು ನೋಡುತ್ತೇನೆ, ಆಮೇಲೆ ಭರತ-ಇಳಿತದ ಹೊತ್ತು ನೋಡುತ್ತೇನೆ. ಮಳೆ ಎಷ್ಟು ಅಂತ ಕೇಳಿ ಪ್ರಯೋಜನವಿಲ್ಲ, ಅದು ಬಂದು ಹೋಗುತ್ತಲೇ ಇರುತ್ತದೆ. ಗಾಳಿ ಮಾತ್ರ ಇಡೀ ದಿನವನ್ನು ಕೆಡಿಸಬಲ್ಲದು. ಆದರೆ ಈ ಕರಾವಳಿ ಎಷ್ಟು ಅಂಕುಡೊಂಕು ಅಂದರೆ, ಯಾವ ಗಾಳಿ ಬೀಸಿದರೂ ಅದಕ್ಕೆ ಬೆನ್ನು ಮಾಡಿ ಕೂತ ಬೀಚು ಒಂದಾದರೂ ಸಿಕ್ಕೇ ಸಿಗುತ್ತದೆ.

ಇದಕ್ಕೆ ಕಾನೆಮಾರದ ರೌಂಡ್‌ಸ್ಟೋನ್ ಹಳ್ಳಿಯ ಹತ್ತಿರದ ಡಾಗ್ಸ್ ಬೇ ಮತ್ತು ಗೂರ್ಟೀನ್‌ಗಿಂತ ಒಳ್ಳೆಯ ಜಾಗ ಇಲ್ಲ. ಮರಳು, ಹುಲ್ಲಿನ ಒಂದು ಪಟ್ಟಿಯ ಆಚೆ ಒಂದು, ಈಚೆ ಒಂದು. ಬೆನ್ನಿಗೆ ಬೆನ್ನು ಕೊಟ್ಟಿರುವ ಎರಡು ಅರ್ಧಚಂದ್ರಗಳು. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಆಗ ಗೂರ್ಟೀನ್ ಕಡೆ ಕೂರುತ್ತೇವೆ. ಪೂರ್ವದ ಗಾಳಿಯಿದ್ದರೆ ಹುಲ್ಲುಪಟ್ಟಿ ದಾಟಿ ಡಾಗ್ಸ್ ಬೇಗೆ. ಅಮ್ಮ ಬಂದಾಗ ಡಾಗ್ಸ್ ಬೇಯಲ್ಲಿ ಸ್ವೆಟರಿನ ಮೇಲೆ ಶಾಲು ಹೊದ್ದರೂ ನಡುಗುತ್ತಿದ್ದರು. ಈಚೆ ಬದಿಗೆ ಕರೆತಂದೆ, ಶಾಲು ತೆಗೆದು ಮಡಿಚಿಟ್ಟು ಚಕ್ಕುಲಿ ಡಬ್ಬಿ ಬಿಚ್ಚಿದರು.

ಡಾಗ್ಸ್ ಬೇಯ ಬಿಳುಪಿಗೆ ಕಾರಣ ಫೊರಾಮಿನಿಫೆರಾ ಎಂಬ ಕಡಲಜೀವಿಗಳು. ಬೇರೆ ಕಡೆ ಮರಳೆಂದರೆ ಕಲ್ಲು ಸವೆದ ಪುಡಿ. ಇಲ್ಲಿಯದು ಬಹುಪಾಲು ಈ ಜೀವಿಗಳ ಚಿಪ್ಪು. ಮಗಳ ಭೂತಗನ್ನಡಿ ಹಿಡಿದು ಒಂದು ಚಿಟಿಕೆ ಮರಳು ನೋಡಿದರೆ ಸುರುಳಿ, ಗುಂಡು, ತೂತು ತೂತು ಆಕಾರಗಳು ಕಾಣುತ್ತವೆ. ಹಿಂದಿನ ದಿಬ್ಬದ ಹುಲ್ಲು ಈ ಮರಳನ್ನು ಹಿಡಿದಿಟ್ಟಿದೆ. ಅದಕ್ಕೆ ಹಾಕಿದ ಬೇಲಿಯನ್ನು ದಯವಿಟ್ಟು ಹಾರಬೇಡಿ, ಬೇರು ಸಡಿಲವಾದರೆ ಗಾಳಿ ದಿಬ್ಬವನ್ನೇ ಎಬ್ಬಿಸಿಕೊಂಡು ಹೋಗುತ್ತದೆ.

ಇನ್ನು ಭರತ-ಇಳಿತ. ಮಂಗಳೂರಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದೂವರೆ ಮೀಟರಿನೊಳಗೆ. ಗಾಲ್ವೇಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಅದು ನಾಲ್ಕು ಮೀಟರ್ ದಾಟುತ್ತದೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಬೆಳೆದವರೂ ಇಲ್ಲಿ ಅಂದಾಜಿನ ಮೇಲೆ ಹೋಗಬಾರದು. ಕ್ಲಾಡಡಫ್ ಹಳ್ಳಿಯಿಂದ ಓಮಿ ದ್ವೀಪಕ್ಕೆ ದಾರಿ ತೆರೆಯುವುದೇ ಇಳಿತದಲ್ಲಿ. ಕಂಬಗಳು ತೋರಿಸುವ ಜಾಡಿನಲ್ಲಿ ಒದ್ದೆ ಮರಳಿನ ಮೇಲೆ ನಡೆದು ಹೋಗಬಹುದು, ಕಾರುಗಳೂ ಹೋಗುತ್ತವೆ. ನಾನು ನೀರು ಇಳಿಯುತ್ತಿರುವಾಗಲೇ ಹೊರಟು, ಪೂರ್ತಿ ಇಳಿದ ಹೊತ್ತಿಗೆ ವಾಪಸ್ ಹೆಜ್ಜೆ ಹಾಕುತ್ತೇನೆ. ಕಾರನ್ನು ಈಚೆ ದಡದಲ್ಲೇ ಬಿಡುತ್ತೇನೆ.

ಮೇಯೋ ಜಿಲ್ಲೆಯ ಆಕಿಲ್ ದ್ವೀಪಕ್ಕೆ ಸೇತುವೆಯಿದೆ, ಒಂದು ರಾತ್ರಿಯಾದರೂ ಉಳಿಯಿರಿ. ದ್ವೀಪದ ತುದಿಯ ಕೀಮ್ ಬೀಚಿಗೆ ಬೆಟ್ಟದ ಅಂಚಿನ ದಾರಿಯಲ್ಲಿ ಇಳಿಯುವಾಗ ಹಸಿರು ಗುಡ್ಡಗಳ ನಡುವೆ ನೀಲಿ ನೀರು ಕಂಡು ಕಾರಿನಲ್ಲಿದ್ದವರೆಲ್ಲ ಮಾತು ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೋಗಿ, ಪಾರ್ಕಿಂಗ್ ಜಾಗ ಚಿಕ್ಕದು. 1950ರ ದಶಕದಲ್ಲಿ ಇಲ್ಲಿ ಬಾಸ್ಕಿಂಗ್ ಶಾರ್ಕ್‌ಗಳನ್ನು ಎಣ್ಣೆಗಾಗಿ ಬೇಟೆಯಾಡುತ್ತಿದ್ದರು. ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು (ಪ್ಲ್ಯಾಂಕ್ಟನ್) ಸೋಸಿ ತಿನ್ನುವ ಈ ಸಾಧು ಮೀನಿಗೆ 2022ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, ನನಗೆ ತುಂಬಾ ಸಮಾಧಾನ ತಂದ ಸುದ್ದಿ. ಕೀಮ್‌ಗೆ ಹೋಗುವ ದಾರಿಯಲ್ಲೇ ಡೂಅ ಹಳ್ಳಿ. ಅಲ್ಲಿಯ ಮರಳನ್ನು 1984ರ ಬಿರುಗಾಳಿ ಒಯ್ದಿತ್ತು, 2017ರ ಏಪ್ರಿಲಿನಲ್ಲಿ ಕಡಲು ಅದನ್ನು ವಾಪಸ್ ತಂದು ಹಾಕಿತು. ಎರಡೇ ವರ್ಷದಲ್ಲಿ ಮತ್ತೆ ಒಯ್ದಿತು. ಹಳೆಯ ಫೋಟೊ ನಂಬಿ ಹೋಗಬೇಡಿ ಎನ್ನುವುದು ಇದಕ್ಕೇ.

ಈಜುವವರಿಗೆ ಒಂದು ಮಾತು. ಆಗಸ್ಟಿನಲ್ಲೂ ನೀರು 15 ಡಿಗ್ರಿಯ ಆಸುಪಾಸು. ಒಮ್ಮೆಲೇ ಧುಮುಕಿದರೆ ಉಸಿರು ಕಟ್ಟುತ್ತದೆ. ಮೊದಲು ಮುಖ, ಕುತ್ತಿಗೆಗೆ ನೀರು ಎರಚಿಕೊಂಡು ನಿಧಾನ ಇಳಿಯಿರಿ. ಜೀವರಕ್ಷಕರಿರುವ ಕಡೆ ಕೆಂಪು-ಹಳದಿ ಬಾವುಟಗಳ ನಡುವೆಯೇ ಇರಿ. ಯಾರಾದರೂ ಕೊಚ್ಚಿಹೋಗುತ್ತಿದ್ದರೆ 112ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಬೇಕೆಂದು ಕೇಳಿ, ನೀವು ಹಿಂದೆ ಧುಮುಕಬೇಡಿ.